ಆಟದ ವಿಡಿಯೋ ಯಾರ ಸೊತ್ತು?

ಪ್ರಶ್ನೆ: ನಾನು ಬ್ರಹ್ಮಾವರ ಕಡೆಯ ಹವ್ಯಾಸಿ ಭಾಗವತ. ಎರಡು ವರ್ಷಗಳ ಹಿಂದೆ ಉಡುಪಿಯಲ್ಲಿ ನಡೆದ ಯಕ್ಷಗಾನಕ್ಕೆ ಪದ್ಯ ಹೇಳಿದ್ದೆ. ವಿಡಿಯೋದವರೊಬ್ಬರು ಇಡೀ ಆಟವನ್ನು ಚಿತ್ರೀಕರಿಸಿ ತಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಹಾಕಿದ್ದಾರೆ, ಅದರಿಂದ ಜಾಹೀರಾತಿನ ಹಣವೂ ಬರುತ್ತಿದೆ. ಅದೇ ವಿಡಿಯೋದಿಂದ ನನ್ನ ಎರಡು ಪದ್ಯಗಳನ್ನು ಕತ್ತರಿಸಿ ನನ್ನ ಚಾನೆಲ್‌ನಲ್ಲಿ ಹಾಕಿದ್ದಕ್ಕೆ ಕಾಪಿರೈಟ್ ಸ್ಟ್ರೈಕ್ ಬಂತು, ಅಂದರೆ ಅವರ ದೂರಿನ ಮೇಲೆ ಯೂಟ್ಯೂಬ್ ಅದನ್ನು ತೆಗೆದುಹಾಕಿತು. ಕೇಳಿದರೆ ‘ವಿಡಿಯೋ ನಮ್ಮದು’ ಎನ್ನುತ್ತಾರೆ. ಸಂಘಟಕರು ‘ಸಂಭಾವನೆ ಕೊಟ್ಟಾಗಿದೆಯಲ್ಲ, ಇನ್ನೇನು’ ಎನ್ನುತ್ತಾರೆ. ಅಂದು ಹೇಳಿದ ಪದ್ಯಗಳಲ್ಲಿ ಕೆಲವು ಹಳೆಯ ಪ್ರಸಂಗದವು (ಪ್ರಸಂಗ ಎಂದರೆ ಆಟದ ಪದ್ಯರೂಪದ ಕಥೆ). ಉಳಿದವು 2004ರಲ್ಲಿ ತೀರಿಕೊಂಡ ನನ್ನ ತಂದೆ ಬರೆದವು. ಆ ಪ್ರಸಂಗವನ್ನು 1980ರ ದಶಕದಲ್ಲಿ ಒಂದು ಮುದ್ರಣಾಲಯ ಪುಸ್ತಕವಾಗಿ ತಂದಿತ್ತು. ಈಚೆಗೆ ಯಾರೋ ಕೃತಕ ಬುದ್ಧಿಮತ್ತೆಯಿಂದ ನನ್ನ ಧ್ವನಿಯನ್ನೇ ತಯಾರಿಸಿ, ಅದರಲ್ಲಿ ಸಿನಿಮಾ ಹಾಡು ಹಾಡಿಸಿ ಮೊಬೈಲಿನಲ್ಲಿ ಹರಿಯಬಿಟ್ಟಿದ್ದಾರೆ. ನನಗೆ ಹಕ್ಕು ಎಂಬುದು ಏನಾದರೂ ಇದೆಯೇ?

ಉತ್ತರ: ಭಾಗವತರೇ, ಹಕ್ಕು ಇದೆ. ಅದು ನೀವು ಅಂದುಕೊಂಡದ್ದಕ್ಕಿಂತ ದೊಡ್ಡದೇ ಇದೆ. ಆದರೆ ನಿಮಗೆ ಬಂದ ಸ್ಟ್ರೈಕ್ ಬಹುಶಃ ಕಾನೂನಿನ ದೃಷ್ಟಿಯಲ್ಲಿ ತಪ್ಪಲ್ಲ. ಈ ಎರಡೂ ಮಾತು ಏಕಕಾಲಕ್ಕೆ ಹೇಗೆ ನಿಜ ಎಂಬುದನ್ನು ಮೊದಲು ಬಿಡಿಸುತ್ತೇನೆ, ಏಕೆಂದರೆ ಕರಾವಳಿಯ ಕಲಾವಿದರು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಒಂದು ರಾತ್ರಿಯ ಆಟದಲ್ಲಿ ಕಾನೂನು ಒಂದೇ ಸೊತ್ತನ್ನು ಕಾಣುವುದಿಲ್ಲ. ಪದ್ಯ ಬರೆದವರ ಹಕ್ಕು ಒಂದು. ಅದನ್ನು ಹಾಡಿದವರು, ಚೆಂಡೆ ಮದ್ದಳೆ ನುಡಿಸಿದವರು, ವೇಷ ಮಾಡಿ ಕುಣಿದು ಅರ್ಥ ಹೇಳಿದವರ ಹಕ್ಕು ಇನ್ನೊಂದು. ಅದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದವರ ಹಕ್ಕು ಮತ್ತೊಂದು. ಮೂರಕ್ಕೂ ಒಡೆಯರು ಬೇರೆ, ಅವಧಿ ಬೇರೆ. ವಿಡಿಯೋದವರ ‘ನಮ್ಮದು’ ಎಂಬ ಮಾತು ಮೂರನೆಯದರ ಮಟ್ಟಿಗೆ ಮಾತ್ರ ಸರಿ.

ನಿಮ್ಮ ಮುಖ್ಯ ಬಲ ಎರಡನೆಯದು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆಯಲ್ಲಿ ಮೊದಲಿಗೆ ಕಲಾವಿದರ ಹೆಸರೇ ಇರಲಿಲ್ಲ. ನಟ ದೇವ್ ಆನಂದ್ ಅವರಿಗೆ ಸಂಬಂಧಿಸಿದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 1978ರಲ್ಲಿ, ಚಿತ್ರದಲ್ಲಿ ನಟ ಮಾಡಿದ ಅಭಿನಯಕ್ಕೆ ಕೃತಿಸ್ವಾಮ್ಯವಿಲ್ಲ ಎಂದೇ ಹೇಳಿತ್ತು. 1994ರ ತಿದ್ದುಪಡಿ ಬಂದು, 1995ರ ಮೇ 10ರಿಂದ ‘ಪ್ರದರ್ಶಕರ ಹಕ್ಕು’ ಜಾರಿಗೆ ಬಂತು. ಪ್ರದರ್ಶಕ ಎಂದರೆ ಯಾರು ಎಂದು ಕಾಯಿದೆ ಕೊಡುವ ಪಟ್ಟಿಯನ್ನು ಓದಿದರೆ ನಮ್ಮ ಜಾತ್ರೆಯ ಗದ್ದೆಯೇ ಕಣ್ಣ ಮುಂದೆ ಬರುತ್ತದೆ: ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವರು, ಕೈಚಳಕದವರು, ಜಾದೂಗಾರ, ಹಾವಾಡಿಗ, ಉಪನ್ಯಾಸ ಕೊಡುವವರು, ಪ್ರದರ್ಶನ ನೀಡುವ ಬೇರೆ ಯಾರೇ ಆದರೂ. ಭಾಗವತರು, ಮದ್ದಳೆಗಾರರು, ವೇಷಧಾರಿಗಳು ಇದರೊಳಗೆ ಬರುತ್ತಾರೆ ಎಂಬುದರಲ್ಲಿ ಅನುಮಾನವೇ ಬೇಡ. ಈ ಹಕ್ಕು ಪ್ರದರ್ಶನ ನಡೆದ ವರ್ಷದ ಮರುವರ್ಷದಿಂದ 50 ವರ್ಷ ಇರುತ್ತದೆ.

2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಸೆಕ್ಷನ್ 38ಎ ಪ್ರಕಾರ ನಿಮ್ಮ ಪ್ರದರ್ಶನವನ್ನು ಧ್ವನಿಯಲ್ಲೋ ದೃಶ್ಯದಲ್ಲೋ ದಾಖಲಿಸುವುದು, ಪ್ರತಿ ಮಾಡುವುದು, ಸಾರ್ವಜನಿಕರಿಗೆ ತಲುಪಿಸುವುದು ನಿಮ್ಮ ಹಕ್ಕಿಗೆ ಸೇರಿದ್ದು. ಇನ್ನೊಬ್ಬರು ಅದನ್ನು ಮಾಡಲು ನಿಮ್ಮ ಒಪ್ಪಿಗೆ ಬೇಕು. ನೀವು ಲಿಖಿತ ಒಪ್ಪಂದದ ಮೂಲಕ ಚಿತ್ರೀಕರಣಕ್ಕೆ ಒಪ್ಪಿದ್ದರೆ, ಆ ಚಿತ್ರವನ್ನು ನಿರ್ಮಾಪಕರು ಬಳಸುವುದಕ್ಕೆ ಆಮೇಲೆ ತಕರಾರು ತೆಗೆಯುವಂತಿಲ್ಲ. ಹಾಗೆ ಒಪ್ಪಿದ್ದರೂ, ಪ್ರದರ್ಶನ ವಾಣಿಜ್ಯ ಬಳಕೆಗೆ ಹೋದರೆ ರಾಯಧನ (ರಾಯಲ್ಟಿ) ಕೇಳುವ ಹಕ್ಕು ಉಳಿಯುತ್ತದೆ. ‘ಲಿಖಿತ’ ಎಂಬ ಮಾತನ್ನು ಗಮನಿಸಿ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೈಗೆ ಬಂದ ಲಕೋಟೆ ಒಪ್ಪಂದವಲ್ಲ, ಅದು ಆ ರಾತ್ರಿಯ ದುಡಿಮೆಯ ಸಂಭಾವನೆ. ಹಾಡಲು ಕೊಟ್ಟ ಹಣಕ್ಕೆ ಹಕ್ಕೂ ಸೇರಿ ಬಂತು ಎಂಬ ಸಂಘಟಕರ ಮಾತಿಗೆ ಕಾಯಿದೆಯಲ್ಲಿ ಆಧಾರವಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೈಯಿಂದ ಹಣ ಹಾಕಿ ಆಟ ಆಡಿಸುವವರಿಂದಲೇ ಈ ಕಲೆ ಇಂದಿಗೂ ಉಸಿರಾಡುತ್ತಿದೆ. ಆದರೂ ಇದ್ದದ್ದನ್ನು ಇದ್ದಂತೆ ಹೇಳಲೇಬೇಕು.

ಸೆಕ್ಷನ್ 38ಬಿ ಕೂಡ ನೆನಪಿರಲಿ. ಹಾಡಿದವರು ನೀವು ಎಂದು ಹೆಸರು ಹಾಕಿಸಿಕೊಳ್ಳುವುದು, ನಿಮ್ಮ ಕೀರ್ತಿಗೆ ಕುಂದು ಬರುವಂತೆ ಪ್ರದರ್ಶನವನ್ನು ತಿರುಚಿದರೆ ತಡೆಯುವುದು, ಇವು ಹಕ್ಕನ್ನು ಮಾರಿದ ಮೇಲೂ ನಿಮ್ಮ ಬಳಿ ಉಳಿಯುವಂಥವು. ಸಮಯದ ಮಿತಿಗೆಂದು ಅರ್ಧ ಪದ್ಯ ಕತ್ತರಿಸಿದರೆ ಅದು ತಿರುಚುವಿಕೆಯಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಯಾರದೋ ಏರುಪದಕ್ಕೆ ಇನ್ಯಾವುದೋ ಚೆಂಡೆ ಜೋಡಿಸಿ ನಗೆಪಾಟಲು ಮಾಡಿದ ತುಣುಕುಗಳು ಓಡಾಡುತ್ತಿವೆಯಲ್ಲ, ಅಂಥವುಗಳಿಗೆ ಈ ಸೆಕ್ಷನ್ ಅನ್ವಯಿಸುತ್ತದೆ.

ಈಗ ಸ್ಟ್ರೈಕಿನ ವಿಚಾರ. ಪ್ರದರ್ಶನ ನಿಮ್ಮದು. ಆದರೆ ನೀವು ಹಾಕಿದ್ದು ಅವರ ಕ್ಯಾಮೆರಾ ಹಿಡಿದ, ಅವರು ಸಂಕಲನ ಮಾಡಿದ ಚಿತ್ರದ ತುಣುಕು. ದೃಶ್ಯ ದಾಖಲೆ ಎಂಬುದು ಕಾಯಿದೆಯ ಲೆಕ್ಕದಲ್ಲಿ ‘ಚಲನಚಿತ್ರ’, ಅದಕ್ಕೆ ಪ್ರಕಟಣೆಯ ಮರುವರ್ಷದಿಂದ 60 ವರ್ಷದ ಪ್ರತ್ಯೇಕ ಕೃತಿಸ್ವಾಮ್ಯವಿದೆ. ಅವರು ನಿಮ್ಮನ್ನು ಕೇಳದೆ ಚಿತ್ರೀಕರಿಸಿದ್ದು ಒಂದು ಉಲ್ಲಂಘನೆಯಾದರೆ, ಅವರ ಚಿತ್ರದಿಂದ ನೀವು ಕತ್ತರಿಸಿ ತೆಗೆದದ್ದು ಇನ್ನೊಂದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಅದೇ ರಾತ್ರಿ ನಿಮ್ಮ ಮಗನೋ ಸೊಸೆಯೋ ಸಭೆಯಿಂದ ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದಿದ್ದರೆ ಕಥೆಯೇ ಬೇರೆ. ಚಿತ್ರದ ಹಕ್ಕು ಆ ಚಿತ್ರದ ಪ್ರತಿಗೆ ಸೀಮಿತ, ಆ ರಾತ್ರಿಯ ಘಟನೆಗೆ ಅಲ್ಲ. ಒಂದೇ ಆಟವನ್ನು ಹತ್ತು ಜನ ಹತ್ತು ಕಡೆಯಿಂದ ತೆಗೆದರೆ ಹತ್ತೂ ಬೇರೆ ಬೇರೆ ಚಿತ್ರಗಳು.

ವಿಡಿಯೋದವರಿಗೆ ಹಣ ಕೊಟ್ಟು ಕರೆಸಿದ್ದು ಸಂಘಟಕರೋ, ಅಥವಾ ಅವರು ತಾವಾಗಿ ಬಂದು ತೆಗೆದರೋ ಎಂಬುದನ್ನು ನೀವು ಬರೆದಿಲ್ಲ. ಇದನ್ನು ಮೊದಲು ತಿಳಿದುಕೊಳ್ಳಿ. ಹಣ ಕೊಟ್ಟು ತೆಗೆಸಿದ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಸೆಕ್ಷನ್ 17ರಂತೆ ಅದರ ಮೊದಲ ಒಡೆಯರು ತೆಗೆಸಿದವರೇ. ಹಾಗಿದ್ದರೆ ಸ್ಟ್ರೈಕ್ ಕೊಟ್ಟ ವಿಡಿಯೋದವರಿಗೆ ಆ ಚಿತ್ರದ ಹಕ್ಕೇ ಇರಲಿಕ್ಕಿಲ್ಲ. ನೀವು ಮಾತಾಡಬೇಕಾದದ್ದು ಸಂಘಟಕರ ಜೊತೆ.

ಇನ್ನು ಪದ್ಯಗಳು. ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲದ ಪ್ರಸಂಗಗಳು, ಪರಂಪರೆಯಿಂದ ಬಂದ ರಾಗ, ತಾಳ, ಮಟ್ಟು (ಹಾಡುವ ಧಾಟಿ) ಯಾರ ಸೊತ್ತೂ ಅಲ್ಲ, ಎಲ್ಲರ ಸೊತ್ತು. ಹಳೆಯ ಪ್ರಸಂಗವನ್ನು ಹಾಡಿ ಹಾಕಿದ್ದಕ್ಕೆ ‘ಸಾಹಿತ್ಯ ನಮ್ಮದು’ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಇತ್ತೀಚೆಗೆ ಸಂಪಾದನೆಗೊಂಡ ಪುಸ್ತಕದ ಮುನ್ನುಡಿ, ಟಿಪ್ಪಣಿ, ಸಂಪಾದಕರು ಸ್ವಂತ ವಿವೇಚನೆಯಿಂದ ಸೇರಿಸಿದ ಭಾಗಗಳಿಗೆ ಮಾತ್ರ ಅವರ ಹಕ್ಕು ಇರುತ್ತದೆ.

ನಿಮ್ಮ ತಂದೆಯವರ ಪದ್ಯಗಳ ಮಾತು ಬೇರೆ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 2004ಕ್ಕೆ ಅದನ್ನು ಕೂಡಿಸಿದರೆ 2064ರ ಡಿಸೆಂಬರ್ 31ರವರೆಗೆ. ಮುದ್ರಣಾಲಯ ಪುಸ್ತಕ ತಂದಿತ್ತು ಎಂಬ ಒಂದೇ ಕಾರಣಕ್ಕೆ ಹಕ್ಕು ಅವರಿಗೆ ಹೋಗುವುದಿಲ್ಲ. ಕೃತಿಸ್ವಾಮ್ಯದ ವರ್ಗಾವಣೆಗೆ ಬರಹ ಬೇಕು, ಅದರಲ್ಲಿ ಬರೆದುಕೊಟ್ಟವರ ಸಹಿ ಬೇಕು. ಮನೆಯ ಹಳೆಯ ಪತ್ರಗಳನ್ನು ಒಮ್ಮೆ ನಿಧಾನವಾಗಿ ಹುಡುಕಿ. ಇಷ್ಟು ಪ್ರತಿ ಅಚ್ಚು ಹಾಕುತ್ತೇವೆ, ಇಷ್ಟು ಪ್ರತಿ ನಿಮಗೆ ಎಂಬ ಕಾಗದ ಸಿಕ್ಕರೆ ಅದು ಮುದ್ರಣದ ಒಪ್ಪಿಗೆ ಅಷ್ಟೇ, ಮಾರಾಟವಲ್ಲ. ಉಯಿಲು ಇಲ್ಲದಿದ್ದರೆ ಆ ಹಕ್ಕು ನಿಮಗೊಬ್ಬರಿಗೇ ಬಂದಿಲ್ಲ. ತಾಯಿ, ಒಡಹುಟ್ಟಿದವರು ಎಲ್ಲರ ಪಾಲೂ ಅದರಲ್ಲಿ ಇದೆ.

ಇದು ದೊಡ್ಡ ಮಾತಾಯಿತು ಎನಿಸಿದರೆ ಉಡುಪಿಯ ನ್ಯಾಯಾಲಯದಿಂದಲೇ ಹೊರಟ ಒಂದು ಪ್ರಕರಣ ಹೇಳುತ್ತೇನೆ. ಯಕ್ಷಗಾನ ಮತ್ತು ಕೃತಿಸ್ವಾಮ್ಯ ಎಂದರೆ ದೇಶದ ವಕೀಲರೆಲ್ಲ ಇದನ್ನೇ ಓದುತ್ತಾರೆ. ಕೋಟ ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯ ರೂಪಕ್ಕೆ ಹೊಂದಿಸಿ ‘ಯಕ್ಷರಂಗ’ ಕಟ್ಟಿದರು. 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಕೊನೆಗಾಲದಲ್ಲಿ ತಮ್ಮ ಜೊತೆಗಿದ್ದವರಿಗೆ ಬಿಟ್ಟರು, 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ಅದೇ ಶೈಲಿಯಲ್ಲಿ ಅಭಿಮನ್ಯು ವಧೆಯನ್ನು ಪ್ರದರ್ಶಿಸಿದಾಗ ಹಕ್ಕುದಾರರು ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಗೆದ್ದರು, ಹೈಕೋರ್ಟಿನಲ್ಲೂ ಗೆದ್ದರು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕನ್ನು ಎತ್ತಿ ಹಿಡಿಯಿತು, ಆದರೆ ತಡೆಯಾಜ್ಞೆಗೆ ಗಡಿ ಹಾಕಿತು: ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆಗೆ ಅದು ಅಡ್ಡಿಯಲ್ಲ, ಶಿಕ್ಷಣ ಸಂಸ್ಥೆ ವಿನಾಯಿತಿಗಳನ್ನು ಹೇಳುವ ಸೆಕ್ಷನ್ 52ರ ಮಿತಿಯೊಳಗೆ ಮಾಡುವ ಪ್ರದರ್ಶನಕ್ಕೆ ಅಡ್ಡಿಯಲ್ಲ, ಹವ್ಯಾಸಿ ಸಂಘ ಟಿಕೆಟಿಲ್ಲದ ಪ್ರೇಕ್ಷಕರ ಮುಂದೆ ಆಡಿದರೂ ಅಡ್ಡಿಯಲ್ಲ.

ಈ ತೀರ್ಪನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ. ಪರಂಪರೆಯ ಕಲೆಯೊಳಗೆ ಒಬ್ಬರು ಹೊಸದಾಗಿ ಸೇರಿಸಿದ್ದಕ್ಕೆ ಹಕ್ಕುಂಟು, ಆ ಹಕ್ಕು ಪರಂಪರೆಯ ಬಾಗಿಲಿಗೇ ಬೀಗ ಹಾಕಬಾರದು ಎಂಬ ಎರಡನ್ನೂ ಅದು ಒಟ್ಟಿಗೆ ಹಿಡಿದಿದೆ. ಆ ಕಾಲಕ್ಕೆ ಪ್ರಶ್ನೆ ಇದ್ದದ್ದು ರಂಗಸ್ಥಳದ್ದು. ಇಂದು ಅದೇ ಪ್ರಶ್ನೆ ಮೊಬೈಲಿಗೆ ಬಂದಿದೆ. ದೇವಸ್ಥಾನದ ಸಹಾಯಾರ್ಥ ಹವ್ಯಾಸಿ ಬಳಗವೊಂದು ನಿಮ್ಮ ತಂದೆಯ ಪ್ರಸಂಗವನ್ನು ಆಡಿದರೆ ಸೆಕ್ಷನ್ 52 ಅವರನ್ನು ಕಾಯುತ್ತದೆ. ಹರಕೆಯ ಆಟ ನಿಜವಾದ ಧಾರ್ಮಿಕ ಆಚರಣೆಯ ಭಾಗವೇ ಆಗಿದ್ದರೆ ಅದಕ್ಕೂ ವಿನಾಯಿತಿ ಕೇಳಬಹುದು. ಆ ಆಟದ ವಿಡಿಯೋ ಮರುದಿನ ಜಾಹೀರಾತು ಸಮೇತ ಚಾನೆಲ್ ಏರಿದರೆ ಅದು ಹರಕೆಯೂ ಅಲ್ಲ, ಹವ್ಯಾಸವೂ ಅಲ್ಲ. ಆಡಲು ಇದ್ದ ವಿನಾಯಿತಿ ಅಲ್ಲಿಯವರೆಗೆ ಚಾಚುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ವೇಷವಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳಿಗೂ ಒಂದು ಮಾತು. ಸಾರ್ವಜನಿಕವಾಗಿ ಮಾಡಿದ ಭಾಷಣದ ಹಕ್ಕು ಮಾತಾಡಿದವರದೇ, ಅದನ್ನು ಏರ್ಪಡಿಸಿದವರದ್ದಲ್ಲ ಎಂದು ಸೆಕ್ಷನ್ 17 ಹೇಳುತ್ತದೆ. ಆ ಕ್ಷಣದಲ್ಲಿ ಹುಟ್ಟುವ ಅರ್ಥಗಾರಿಕೆಗೂ ಇದು ಅನ್ವಯಿಸಬೇಕು ಎಂದು ನನ್ನ ವಾದ. ಯಾರಾದರೂ ಅದನ್ನು ಕೋರ್ಟಿಗೆ ಒಯ್ದರೆ ಸಂತೋಷಪಡುತ್ತೇನೆ.

ನಿಮ್ಮ ತಂದೆಯ ಪದ್ಯಗಳು ನಿಮ್ಮ ಕೈಯಲ್ಲಿರುವ ಗಟ್ಟಿ ಆಧಾರ ಎಂದು ಹೇಳಲು ಇನ್ನೊಂದು ಕಾರಣವಿದೆ. ಒಂದು ಚಿತ್ರದ ಗಣನೀಯ ಭಾಗವೇ ಬೇರೊಂದು ಕೃತಿಯ ಕೃತಿಸ್ವಾಮ್ಯದ ಉಲ್ಲಂಘನೆಯಾಗಿದ್ದರೆ ಆ ಚಿತ್ರಕ್ಕೆ ಕೃತಿಸ್ವಾಮ್ಯವೇ ಹುಟ್ಟುವುದಿಲ್ಲ ಎನ್ನುತ್ತದೆ ಸೆಕ್ಷನ್ 13. ಆಟದ ದೊಡ್ಡ ಪಾಲು ನಿಮ್ಮ ತಂದೆಯವರ ಪದ್ಯಗಳೇ ಆಗಿದ್ದರೆ ‘ವಿಡಿಯೋ ನಮ್ಮದು’ ಎಂಬ ಮಾತಿನ ಬುಡವೇ ಅಲುಗಾಡುತ್ತದೆ. ಅವರ ವಕೀಲರು ಕೊಡುವ ಉತ್ತರವೂ ನನಗೆ ಗೊತ್ತು: ‘ಹಾಡಿದವರು ನೀವೇ, ಕ್ಯಾಮೆರಾ ಎದುರಿಗೇ ಇತ್ತು, ಎರಡು ವರ್ಷ ಸುಮ್ಮನಿದ್ದಿರಿ, ಅಲ್ಲಿಗೆ ಒಪ್ಪಿಗೆ ಇತ್ತೆಂದೇ ಅರ್ಥ.’ ಪರವಾನಗಿ ಬರಹದಲ್ಲಿ ಇರಬೇಕು ಎಂಬುದು ಕಾಯಿದೆಯಲ್ಲಿದೆ, ನಿಜ. ಆದರೂ ಸುಮ್ಮನಿದ್ದ ಪ್ರತಿ ತಿಂಗಳೂ ನಿಮ್ಮ ವಾದವನ್ನು ತೆಳುವಾಗಿಸುತ್ತದೆ. ಇನ್ನು ತಡ ಮಾಡಬೇಡಿ.

ಯೂಟ್ಯೂಬಿನಲ್ಲಿ ಎರಡು ಬೇರೆ ವ್ಯವಸ್ಥೆಗಳಿವೆ, ಜನ ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಒಂದು, ಯಂತ್ರವೇ ಹೋಲಿಸಿ ನೋಡಿ ಹಾಕುವ ಕ್ಲೈಮ್. ದೊಡ್ಡ ಸಂಗೀತ ಕಂಪನಿಗಳು ಇದನ್ನು ಬಳಸುತ್ತವೆ, ಸಾಮಾನ್ಯವಾಗಿ ವಿಡಿಯೋ ಉಳಿದು ಜಾಹೀರಾತಿನ ಹಣ ಅತ್ತ ಹೋಗುತ್ತದೆ. ಇನ್ನೊಂದು, ಒಬ್ಬರು ಕಾನೂನಿನ ದೂರು ಕೊಟ್ಟು ತೆಗೆಸಿದಾಗ ಬರುವ ಸ್ಟ್ರೈಕ್. ನಿಮ್ಮದು ಎರಡನೆಯದು. ಒಂದು ಸ್ಟ್ರೈಕ್ 90 ದಿನಗಳಲ್ಲಿ ಕಳೆಯುತ್ತದೆ. ಆ ಅವಧಿಯಲ್ಲಿ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ಅದಕ್ಕೆ ಎದುರಾಗಿ ನೀವು ನೋಟಿಸ್ ಕೊಡುವ ದಾರಿ ಇದೆ, ಆದರೆ ಅದು ಪ್ರಮಾಣ ಮಾಡಿ ಕೊಡುವ ಹೇಳಿಕೆ. ನೀವು ತೆಗೆದುಕೊಂಡದ್ದು ಅವರ ಚಿತ್ರದಿಂದಲೇ ಆಗಿರುವುದರಿಂದ, ಚಿತ್ರದ ಒಡೆಯರು ಯಾರು ಎಂಬುದು ಖಚಿತವಾಗುವವರೆಗೆ ಅದಕ್ಕೆ ಕೈ ಹಾಕಬೇಡಿ. ಸ್ಟ್ರೈಕನ್ನು ಹಿಂತೆಗೆದುಕೊಳ್ಳಲು ಅವರನ್ನೇ ಕೇಳುವುದು ಲೇಸು.

ಬದಲಿಗೆ ನೀವೇ ದೂರು ಕೊಡಬಹುದು. ಯೂಟ್ಯೂಬಿನ ನಮೂನೆ ಕೃತಿಸ್ವಾಮ್ಯದ ಭಾಷೆಯಲ್ಲಿರುವುದರಿಂದ ಮೊದಲು ತಂದೆಯವರ ಪದ್ಯಗಳನ್ನು ಮುಂದಿಡಿ, ಪ್ರದರ್ಶಕರ ಹಕ್ಕನ್ನು ಜೊತೆಗೆ ಹೇಳಿ. ಭಾರತದ ಕಾಯಿದೆಯ ಸೆಕ್ಷನ್ 52(1)(ಸಿ) ಮತ್ತು 2013ರ ನಿಯಮಗಳ ಪ್ರಕಾರ ಇಂಥ ಲಿಖಿತ ದೂರು ಬಂದಾಗ, ಅದು ಸರಿಯೆಂದು ಕಂಡರೆ, ವೇದಿಕೆಯವರು (ಇಲ್ಲಿ ಯೂಟ್ಯೂಬ್) 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ನೀವು 21 ದಿನಗಳೊಳಗೆ ಕೋರ್ಟಿನ ಆದೇಶ ತರದಿದ್ದರೆ ಅವರು ಅದನ್ನು ಮತ್ತೆ ತೆರೆಯಬಹುದು. ವಿಡಿಯೋದ ಪೂರ್ಣ ವಿಳಾಸ, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಯಾವ ಪದ್ಯ, ಅದು ಮುದ್ರಿತ ಪ್ರಸಂಗದ ಎಷ್ಟನೇ ಪುಟ ಎಂಬುದನ್ನು ಪಟ್ಟಿ ಮಾಡಿ ಕೊಡಿ. ಮೈಸ್ಪೇಸ್ ಎಂಬ ಜಾಲತಾಣದ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2016ರಲ್ಲಿ ಹೇಳಿದ್ದು ಇದನ್ನೇ: ನಿರ್ದಿಷ್ಟವಾಗಿ ಯಾವುದು ಎಂಬ ಅರಿವು ಬಂದ ಮೇಲಷ್ಟೇ ವೇದಿಕೆಯ ಹೊಣೆ. ‘ನಿಮ್ಮಲ್ಲಿ ನನ್ನ ಹಾಡುಗಳೆಲ್ಲ ಇವೆ’ ಎಂಬ ದೂರು ನಿಲ್ಲುವುದಿಲ್ಲ.

ಪೊಲೀಸ್ ದೂರು? ಸೆಕ್ಷನ್ 63ರಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ ಇದೆ. ಅದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೂ ನಿಮ್ಮ ವಿಷಯದಲ್ಲಿ ನಾನು ಆ ಸಲಹೆ ಕೊಡುವುದಿಲ್ಲ. ಆಟಗಳನ್ನು ಊರೂರು ಅಲೆದು, ನಿದ್ದೆಗೆಟ್ಟು ದಾಖಲಿಸಿದ ಇಂಥ ವಿಡಿಯೋದವರಿಂದಲೇ ಎಷ್ಟೋ ಹಿರಿಯರ ಭಾಗವತಿಕೆ ಇಂದು ನಮಗೆ ಕೇಳಲು ಸಿಗುತ್ತಿದೆ. ಅವರಿಗೂ ಕ್ಯಾಮೆರಾದ, ಪ್ರಯಾಣದ ಖರ್ಚಿದೆ. ಆಗಬೇಕಾದದ್ದು ಪಾಲಿನ ಮಾತು. ಆಗದಿದ್ದರೆ ಸಿವಿಲ್ ದಾವೆ ಇದೆ. ಸೆಕ್ಷನ್ 62ರ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ.

ಧ್ವನಿಯ ನಕಲು ನಿಮ್ಮ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಹೊಸದು, ನನಗೆ ಹೆಚ್ಚು ಆತಂಕ ತರುವುದೂ ಅದೇ. ಪ್ರದರ್ಶಕರ ಹಕ್ಕು ಇರುವುದು ನೀವು ನಿಜವಾಗಿ ಹಾಡಿದ್ದಕ್ಕೆ. ನೀವು ಹಾಡದೆಯೇ ನಿಮ್ಮ ಧ್ವನಿಯಲ್ಲಿ ಹುಟ್ಟಿದ ಹಾಡಿಗೆ ಕೃತಿಸ್ವಾಮ್ಯ ಕಾಯಿದೆ ನೇರವಾಗಿ ಒದಗುವುದಿಲ್ಲ. ಆ ಜಾಗವನ್ನು ಕೋರ್ಟುಗಳು ‘ವ್ಯಕ್ತಿತ್ವದ ಹಕ್ಕು’ ಎಂಬುದರಿಂದ ತುಂಬುತ್ತಿವೆ. 2023ರಲ್ಲಿ ನಟ ಅನಿಲ್ ಕಪೂರ್ ಅವರ ಹೆಸರು, ಧ್ವನಿ, ರೂಪವನ್ನು ಅನುಮತಿಯಿಲ್ಲದೆ ಬಳಸದಂತೆ ದೆಹಲಿ ಹೈಕೋರ್ಟ್ ತಡೆದಿತು. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಕೃತಕವಾಗಿ ತಯಾರಿಸುವ ತಂತ್ರಾಂಶಗಳ ವಿರುದ್ಧ ಬಾಂಬೆ ಹೈಕೋರ್ಟ್ ಆದೇಶ ನೀಡಿತು. ಈ ಆದೇಶಗಳು ಖ್ಯಾತನಾಮರಿಗೆ ಸಿಕ್ಕವು. ದೇಶಕ್ಕೆಲ್ಲ ಗೊತ್ತಿಲ್ಲದ, ಆದರೆ ಕುಂದಾಪುರದಿಂದ ಕಾಸರಗೋಡಿನವರೆಗೆ ಒಂದು ಆಲಾಪ ಕೇಳಿದರೆ ಸಾಕು ಜನ ಗುರುತಿಸುವ ಭಾಗವತರಿಗೂ ಇದು ಸಿಗಬೇಕು. ಧ್ವನಿ ಕದ್ದವರಿಗೆ ಬೇಕಾದದ್ದು ಆ ಗುರುತೇ ತಾನೇ? ಸದ್ಯಕ್ಕೆ ಆ ತುಣುಕನ್ನು, ಕಳಿಸಿದವರ ಸಂಖ್ಯೆ ಮತ್ತು ದಿನಾಂಕ ಕಾಣುವಂತೆ, ಉಳಿಸಿಕೊಳ್ಳಿ. ಅದು ಯೂಟ್ಯೂಬಿನಲ್ಲೂ ಇದ್ದರೆ ಗೋಪ್ಯತೆಯ ದೂರಿನ ನಮೂನೆಯಲ್ಲಿ ಕೃತಕ ಧ್ವನಿಯ ವಿರುದ್ಧ ದೂರು ಕೊಡಬಹುದು.

ನಮ್ಮ ಆಟಗಳ ವಿಡಿಯೋಗಳನ್ನು ಯಂತ್ರಗಳಿಗೆ ಕಲಿಸಲು ಬಳಸಬಹುದೇ ಎಂಬುದು ಇದರ ಹಿಂದಿರುವ ಪ್ರಶ್ನೆ. ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರ್‌ನಲ್ಲಿ, ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆಯಲ್ಲಿ, ತರಬೇತಿಗೆಂದು ಕೃತಿಗಳನ್ನು ಸಂಗ್ರಹಿಸುವುದೇ ಉಲ್ಲಂಘನೆಯೇ ಎಂಬ ಪ್ರಶ್ನೆಯನ್ನು ಕೋರ್ಟ್ ಎತ್ತಿಕೊಂಡಿದೆ. ಅದು ಇಂಗ್ಲಿಷ್ ಸುದ್ದಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಹಾಗಾಗಿ ನೀವು ಇನ್ನು ಮುಂದೆ ಸಹಿ ಮಾಡುವ ಕಾಗದದಲ್ಲಿ ಧ್ವನಿಯ ನಕಲು ಮತ್ತು ಯಂತ್ರದ ತರಬೇತಿಯ ಬಗ್ಗೆ ಒಂದು ಸಾಲು ಇರಲೇಬೇಕು.

ಆ ಕಾಗದ ಉದ್ದವಿರಬೇಕಿಲ್ಲ. ನಾನು ಬರೆದುಕೊಡುವುದು ಇಷ್ಟೇ: ‘ಇಂಥ ದಿನ, ಇಂಥ ಸ್ಥಳದಲ್ಲಿ ನಡೆಯುವ ಇಂಥ ಪ್ರಸಂಗದ ಪ್ರದರ್ಶನವನ್ನು ಚಿತ್ರೀಕರಿಸಿ ಇಂಥ ಹೆಸರಿನ ಒಂದು ಚಾನೆಲ್‌ನಲ್ಲಿ ಮೂರು ವರ್ಷ ಪ್ರಸಾರ ಮಾಡಲು ಕೆಳಗೆ ಸಹಿ ಮಾಡಿದ ಕಲಾವಿದರು ಒಪ್ಪಿದ್ದಾರೆ. ಎಲ್ಲರ ಹೆಸರೂ ವಿವರಣೆಯಲ್ಲಿ ಇರತಕ್ಕದ್ದು. ಜಾಹೀರಾತಿನ ಆದಾಯದಲ್ಲಿ ಶೇಕಡಾ ಇಷ್ಟು ಕಲಾವಿದರಿಗೆ. ಕಲಾವಿದರು ತಮ್ಮ ಭಾಗದ ಐದು ನಿಮಿಷ ಮೀರದ ತುಣುಕನ್ನು ಸ್ವಂತ ಚಾನೆಲ್‌ನಲ್ಲಿ ಹಾಕಬಹುದು. ಧ್ವನಿ ಅಥವಾ ರೂಪವನ್ನು ಕೃತಕವಾಗಿ ಮರುಸೃಷ್ಟಿಸಲು, ಯಂತ್ರ ತರಬೇತಿಗೆ ಕೊಡಲು ಅನುಮತಿ ಇಲ್ಲ.’ ಕೆಳಗೆ ಸಹಿಗಳು. ಅವಧಿಯನ್ನು ಬರೆಯದೆ ಹಕ್ಕು ವರ್ಗಾಯಿಸಿದರೆ ಕಾಯಿದೆ ಅದನ್ನು ಐದು ವರ್ಷ ಎಂದು ತಿಳಿಯುತ್ತದೆ, ಆದ್ದರಿಂದ ಬರೆಯುವುದೇ ಒಳ್ಳೆಯದು. ವೇಷ ಕಟ್ಟುವ ಮೊದಲು ಚೌಕಿಯಲ್ಲೇ ಇದಕ್ಕೆ ಸಹಿಯಾಗಬೇಕು. ಬೆಳಗಿನ ಜಾವ ಎಲ್ಲರೂ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಯಾರೂ ಓದುವುದಿಲ್ಲ.

ತಂದೆಯವರ ಪ್ರಸಂಗವನ್ನು ನೋಂದಾಯಿಸಿ. ಹಕ್ಕಿಗೆ ನೋಂದಣಿ ಕಡ್ಡಾಯವಲ್ಲ, ಆದರೆ ಕೋರ್ಟಿನಲ್ಲೂ ಯೂಟ್ಯೂಬಿಗೆ ಬರೆಯುವಾಗಲೂ ಆ ಪ್ರಮಾಣಪತ್ರಕ್ಕೆ ತೂಕವಿದೆ. ಸಾಹಿತ್ಯ, ನಾಟಕ ಕೃತಿಗೆ ಶುಲ್ಕ 500 ರೂಪಾಯಿ, ಅರ್ಜಿ ಅಂತರ್ಜಾಲದಲ್ಲೇ, ಆಕ್ಷೇಪಣೆಗೆಂದು 30 ದಿನ ಕಾಯಬೇಕು. ಅದಕ್ಕೆ ಮೊದಲು ಒಡಹುಟ್ಟಿದವರೆಲ್ಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ.

ವಿಡಿಯೋದವರ ಜೊತೆ ಮಾತಿಗೆ ಕೂರುವಾಗ ಒಬ್ಬರೇ ಹೋಗಬೇಡಿ. ಅಂದು ಮದ್ದಳೆ, ಚೆಂಡೆ ನುಡಿಸಿದವರನ್ನೂ ವೇಷಧಾರಿಗಳಲ್ಲಿ ಒಬ್ಬಿಬ್ಬರನ್ನೂ ಕರೆದುಕೊಂಡು ಹೋಗಿ. ಆ ವಿಡಿಯೋದಲ್ಲಿ ಅವರ ಹಕ್ಕೂ ನಿಮ್ಮದರಷ್ಟೇ ಇದೆ. ನಿಮ್ಮ ಎರಡು ಪದ್ಯಗಳ ತುಣುಕಿನಲ್ಲೂ ಅವರ ಕೈ ಕೇಳುತ್ತಿದೆ. ಅದನ್ನು ಹಾಕಲು ಅವರ ಒಪ್ಪಿಗೆಯನ್ನೂ ಅದೇ ಹೊತ್ತಿಗೆ ಕೇಳಿ ಪಡೆದುಕೊಳ್ಳಿ.